ಬುಗುರಿಯ ಗುಂಡಿ ಸಾಲು

ಅವಳಿಗೆ ಬುಗುರಿ ಎಂದು ಹೆಸರಿಟ್ಟವನು ಚಿಕ್ಕಪ್ಪ. ಊಟಕ್ಕೆ ಕೂತರೆ ತುತ್ತಿಗೊಮ್ಮೆ ಎದ್ದು ಹೋಗಿ ಕಿಟಕಿಯಲ್ಲಿ ಇಣುಕಿ ಬರುವ ಹುಡುಗಿ. ಶಾಲೆಗೆ ವಾರವಿಡೀ ಒಂದೇ ದಾರಿಯಲ್ಲಿ ಹೋಗಬೇಕೆಂದರೆ ಮೈಗೆ ಮುಳ್ಳು ಚುಚ್ಚಿದವಳಂತೆ ಆಡುತ್ತಿದ್ದಳು. "ಇವಳ ಕಾಲಲ್ಲಿ ಚಕ್ರ ಇದೆ," ಎಂದು ಅಮ್ಮ ಒಮ್ಮೆ ಹೇಳಿದಾಗ ಚಿಕ್ಕಪ್ಪ, "ಚಕ್ರ ಆದ್ರೆ ಎಲ್ಲಿಗಾದ್ರೂ ಹೋಗಿ ಮುಟ್ಟುತ್ತೆ ಅತ್ತಿಗೆ. ಇವಳು ಬುಗುರಿ. ನಿಂತಲ್ಲೇ ತಿರುಗ್ತಾಳೆ," ಎಂದ. ಶಾಲೆಯಲ್ಲಿ, ಕಾಲೇಜಿನಲ್ಲಿ, ಆಮೇಲೆ ಗಂಡನ ಮನೆಯಲ್ಲೂ ಆ ಹೆಸರೇ ಉಳಿಯಿತು.

ಹೊಲಿಗೆ ಕಲಿಯಲು ಹೋಗಿ ಅರ್ಧಕ್ಕೆ ಬಿಟ್ಟಳು. ಬ್ಯಾಂಕಿನ ಪರೀಕ್ಷೆಗೆ ಓದಿ, ಪರೀಕ್ಷೆಯ ದಿನ ಮನಸ್ಸು ಬದಲಾಯಿಸಿದಳು. ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ, ಯಾರೂ ಕೇಳದೆ ಕಪಾಟನ್ನೆಲ್ಲ ತನಗೆ ಸರಿಕಂಡ ಹಾಗೆ ಜೋಡಿಸಿ ಬೈಸಿಕೊಂಡಳು. ಕೊನೆಗೆ ಅವಳು ಸ್ವಲ್ಪ ಕಾಲೂರಿ ನಿಂತದ್ದು ವೆಬ್ ಪುಟ ಮಾಡುವ ಕೆಲಸದಲ್ಲಿ.

ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆಯ ಆಫೀಸು. ಯಜಮಾನರು ಮೊದಲು ವಿಸಿಟಿಂಗ್ ಕಾರ್ಡು ಅಚ್ಚು ಹಾಕಿಸುತ್ತಿದ್ದವರು. ಕಾಗದ ಬಿಟ್ಟು ಕಂಪ್ಯೂಟರಿಗೆ ಬಂದು ಅಂಗಡಿ, ಶಾಲೆ, ಆಸ್ಪತ್ರೆಗಳಿಗೆ ಪುಟ ಮಾಡಿಕೊಡುತ್ತಿದ್ದರು. ಅಲ್ಲಿ ಬುಗುರಿಯ ಜೊತೆಗೆ ಇನ್ನೊಬ್ಬ. ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು, ಹಾಗಾಗಿ ಅವನಿಗೆ ಮೌನಿ ಎಂದೇ ಹೆಸರು. ಇಬ್ಬರ ಮೇಜಿನ ನಡುವೆ ಒಂದು ಫ್ಯಾನು. ಅದು ತಿರುಗಿದಾಗಲೆಲ್ಲ ಬುಗುರಿಯ ಕಾಗದ ಹಾರುತ್ತಿತ್ತು, ಮೌನಿಯದು ಹಾರುತ್ತಿರಲಿಲ್ಲ. ಅವನು ಎಲ್ಲದರ ಮೇಲೂ ಏನಾದರೊಂದು ಭಾರ ಇಡುತ್ತಿದ್ದ.

ಆ ಕೆಲಸ ಹೇಗೆಂದರೆ, ಪುಟದಲ್ಲಿ ಒಂದು ಪದ ದಪ್ಪಗೆ ಕಾಣಬೇಕಾದರೂ ಅದರ ಹಿಂದೆ ಮುಂದೆ ಕೊಕ್ಕೆಗಳ ಒಳಗೆ ಒಂದು ಸೂಚನೆ ಬರೆಯಬೇಕು. ಅವರು ಅದನ್ನು ಟ್ಯಾಗ್ ಅನ್ನುತ್ತಿದ್ದರು. ಚಿತ್ರಕ್ಕೊಂದು, ಪಟ್ಟಿಗೊಂದು, ಬಣ್ಣಕ್ಕೊಂದು. ದಿನವಿಡೀ ಅದದೇ ಕುಟ್ಟುತ್ತಿದ್ದರೆ ಬುಗುರಿಗೆ ತಲೆಯಲ್ಲಿ ಇರುವೆ ಹರಿದಂತಾಗುತ್ತಿತ್ತು. ಒಂದು ದಿನ ಬೇಸರಕ್ಕೆ, ಟ್ಯಾಗ್ ಬರೆಯುವ ಎಡಿಟರ್ ಎಂಬ ತಂತ್ರಾಂಶದ ಮೂಲೆ ಮೂಲೆ ಕೆದಕುತ್ತ ಹೋದಳು. ಪರದೆಯ ಮೇಲ್ಗಡೆ ಸಣ್ಣ ಸಣ್ಣ ಚಿತ್ರದ ಗುಂಡಿಗಳ ಸಾಲು ಇತ್ತು, ಟೂಲ್‌ಬಾರ್. ಆ ಸಾಲನ್ನು ನಾವೇ ಮಾಡಿಕೊಳ್ಳಬಹುದು ಎಂದು ಆಗ ಗೊತ್ತಾಯಿತು. ಹೊಸ ಗುಂಡಿ ಕೂರಿಸಬಹುದು. ಅದನ್ನು ಒತ್ತಿದರೆ ಏನು ಬರಬೇಕೋ ಅದನ್ನು ಒಮ್ಮೆ ಬರೆದಿಟ್ಟರೆ ಸಾಕು, ಆಮೇಲೆ ಒಂದು ಒತ್ತಿಗೆ ಅಷ್ಟೂ ಬಂದು ಬೀಳುತ್ತದೆ. ಗುಂಡಿಯ ಮೇಲಿನ ಚಿತ್ರವನ್ನೂ, ಆ ಐಕಾನನ್ನೂ, ನಾವೇ ಬಿಡಿಸಬಹುದು: ಅಡ್ಡ ಹದಿನಾರು, ಉದ್ದ ಹದಿನಾರು ಚೌಕ, ಒಂದೊಂದು ಚೌಕಕ್ಕೆ ಒಂದು ಬಣ್ಣ. ಬೆರಳಿನ ಉಗುರಿಗಿಂತ ಚಿಕ್ಕ ಜಾಗ.

ಅವತ್ತು ಅವಳು ಊಟಕ್ಕೆ ಏಳಲಿಲ್ಲ. ಹುಟ್ಟಿದಾರಭ್ಯ ಮೊದಲ ಸಲ ಕೂತಲ್ಲೇ ಕೂತಿದ್ದಳು. ಮೌನಿ ಎರಡು ಸಲ ತಿರುಗಿ ನೋಡಿದ.

ಆಮೇಲೆ ಶುರುವಾಯಿತು. ಸೋಮವಾರ ಮಾಡಿದ ಸಾಲು ಬುಧವಾರಕ್ಕೆ ಹಿಡಿಸುತ್ತಿರಲಿಲ್ಲ. ಚಿತ್ರ ಸೇರಿಸುವ ಗುಂಡಿಗೆ ಮೊದಲು ಬೆಟ್ಟ ಬಿಡಿಸಿದಳು, ಅದು ಸಮೋಸದಂತೆ ಕಾಣುತ್ತದೆ ಎಂದು ಕಣ್ಣು ಬಿಡಿಸಿದಳು, ಕಣ್ಣು ಮೀನಾಯಿತು. ಎಡಕ್ಕಿದ್ದದ್ದು ಬಲಕ್ಕೆ, ಮೇಲಿನದು ಕೆಳಕ್ಕೆ. "ಏನಮ್ಮಾ, ಮನೆ ಸಾರಿಸೋದ್ರಲ್ಲೇ ಹೊತ್ತು ಹೋಯ್ತು, ಅಡುಗೆ ಯಾವಾಗ?" ಎಂದು ಯಜಮಾನರು ಗೊಣಗಿದರು. ಆದರೆ ಕೆಲಸ ಬೇಗ ಆಗುತ್ತಿತ್ತು, ಹಾಗಾಗಿ ಹೆಚ್ಚು ಹೇಳಲಿಲ್ಲ. ಮೌನಿಗೆ ಮಣಿಕಟ್ಟು ನೋವು; ಅವನು ದಿನವೂ ಬಿಸಿನೀರಿನ ಬಾಟಲಿಗೆ ಕೈ ಒತ್ತಿ ಕೂರುವುದನ್ನು ನೋಡಿ, ಅವನಿಗೂ ಒಂದು ಸಾಲು ಮಾಡಿಕೊಟ್ಟಳು. ಅವನು ತಲೆಯಾಡಿಸಿದ. ಅವನ ಲೆಕ್ಕದಲ್ಲಿ ಅದು ಭಾಷಣ.

ಮನೆಯಲ್ಲಿ ಮೂವರು. ಗಂಡ ಕೃತಕ ಹಲ್ಲಿನ ಸೆಟ್ಟು ತಯಾರಿಸುವವನು. ಮುಂದಿನ ಕೋಣೆಯ ಮೇಜಿನ ಮೇಲೆ ಒಂದು ದವಡೆ ಇಟ್ಟುಕೊಂಡು, ಉಸಿರು ಬಿಗಿಹಿಡಿದು, ಅಲುಗಾಡದೆ ಗಂಟೆಗಟ್ಟಲೆ ಕೂರಬಲ್ಲವನು. ಬುಗುರಿ ಅವನ ಸುತ್ತ ಗುಡಿಸುತ್ತ, ಒರೆಸುತ್ತ, ಫೋನಿನಲ್ಲಿ ಮಾತಾಡುತ್ತ ತಿರುಗಿದರೂ ತಲೆ ಎತ್ತುತ್ತಿರಲಿಲ್ಲ. ಇನ್ನು ಅತ್ತೆ. ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ತಂತಿ ಸಿಕ್ಕಿಸುವ ಹಳೇ ಬೋರ್ಡಿನ ಕಾಲದಿಂದ ಕೆಲಸ ಮಾಡಿ, ನಿವೃತ್ತರಾಗಿ ಮನೆಗೆ ಬಂದಮೇಲೆ ಹೊತ್ತು ಹೋಗದೆ ಎಲ್ಲರ ಮೇಲೂ ಕಣ್ಣಿಡುತ್ತಿದ್ದರು. ಕನ್ನಡಕ ಇತ್ತು, ಹಾಕಿಕೊಳ್ಳುತ್ತಿರಲಿಲ್ಲ. "ಹಾಕ್ಕೊಂಡ್ರೆ ಮುದುಕಿ ಥರ ಕಾಣ್ತೀನಿ."

"ನೀವು ಮುದುಕಿನೇ ಅಲ್ವಾ ಅತ್ತೆ?" ಎಂದು ಬುಗುರಿ ಒಮ್ಮೆ ಕೇಳಿದ್ದಳು.

"ಹೌದು. ಆದ್ರೆ ಥರ ಕಾಣಬಾರದು," ಎಂದಿದ್ದರು ಅತ್ತೆ.

ಹೀಗಿರುವಾಗ ಒಂದು ದಿನಪತ್ರಿಕೆಯ ಕೆಲಸ ಆಫೀಸಿಗೆ ಬಂತು. ಪತ್ರಿಕೆಯ ವೆಬ್ ಪುಟದಲ್ಲಿ "ಸುಖ ದುಃಖ" ಎಂಬ ಭಾಗ: ಯಾರಿಗೆ ಮಗುವಾಯಿತು, ಯಾರ ಹುಟ್ಟುಹಬ್ಬ, ಯಾರ ಮದುವೆ, ಯಾರು ತೀರಿಕೊಂಡರು. ಬರಹ ಪತ್ರಿಕೆಯಿಂದ ಬರುತ್ತಿತ್ತು. ದಿನಾ ಬೆಳಿಗ್ಗೆ ಮನೆಯ ಕಂಪ್ಯೂಟರಿನಲ್ಲೇ ಅದನ್ನು ಸರಿಯಾದ ಚೌಕಟ್ಟಿನಲ್ಲಿ ಕೂರಿಸಿ ಕಳಿಸಬೇಕು. ಮಗುವಿಗೆ ತೊಟ್ಟಿಲ ಚೌಕಟ್ಟು, ಹುಟ್ಟುಹಬ್ಬಕ್ಕೆ ಬಣ್ಣದ ಬಲೂನು, ಮದುವೆಗೆ ಹೂವು, ಸಾವಿಗೆ ಕಪ್ಪು ಅಂಚು. ಬುಗುರಿ ನಾಲ್ಕಕ್ಕೂ ನಾಲ್ಕು ಗುಂಡಿ ಮಾಡಿದಳು. ಮೊದಲ ವಾರ ಉತ್ಸಾಹ. ಎರಡನೇ ವಾರ ಆಕಳಿಕೆ. ಆಮೇಲೆ, ದಿನವೂ ಅದೇ ಹೊತ್ತಿಗೆ ಅದೇ ನಾಲ್ಕು ಗುಂಡಿ ಎಂದರೆ ಅವಳಿಗೆ ಹಾಸಿಗೆಯಿಂದ ಏಳಲೇ ಮನಸ್ಸು ಬಾರದಾಯಿತು.

ಆಗ ಅವಳ ಕಣ್ಣು ಅತ್ತೆಯ ಮೇಲೆ ಬಿತ್ತು.

"ನಂಗೆ ಕಂಪ್ಯೂಟರ್ ಬರಲ್ಲ ಕಣೇ," ಎಂದರು ಅತ್ತೆ.

"ಕಂಪ್ಯೂಟರ್ ಬರಬೇಕಾಗಿಲ್ಲ ಅತ್ತೆ. ನಾಲ್ಕು ಗುಂಡಿ. ಬರಹ ಇಲ್ಲಿಂದ ಎತ್ತಿ ಇಲ್ಲಿಡಿ, ಗುಂಡಿ ಒತ್ತಿ, ಕಳಿಸಿ. ಅಷ್ಟೇ."

ಅತ್ತೆ ಕೂತರು. ಎರಡು ದಿನ ಮೌಸು ಮೇಜಿನಿಂದ ಬಿತ್ತು, ಬೈಗುಳ ಬಂತು. ಆಮೇಲೆ ಕೈಗೆ ಸಿಕ್ಕಿತು. ಅವರು ಐಕಾನನ್ನು ನೋಡುತ್ತಲೇ ಇರಲಿಲ್ಲ. ಮೊದಲನೆಯದು ಮಗು, ಎರಡನೆಯದು ಹುಟ್ಟುಹಬ್ಬ, ಮೂರನೆಯದು ಮದುವೆ, ಕೊನೆಯದು ಸಾವು. ಹಳೇ ಬೋರ್ಡಿನ ಮುಂದೆ ಕೂತ ಹಾಗೆ ಬೆನ್ನು ನೆಟ್ಟಗೆ, ಕೈ ತಾನಾಗಿ ಹೋಗುತ್ತಿತ್ತು. "ಬದುಕು ಹೇಗೆ ಸಾಗುತ್ತೋ ಹಾಗೇ ಇಟ್ಟಿದ್ದೀಯಲ್ಲೇ, ಎಡದಿಂದ ಬಲಕ್ಕೆ," ಎಂದು ಸೊಸೆಯನ್ನು ಹೊಗಳಿದರು. ಯಜಮಾನರೂ ಒಪ್ಪಿದರು. ಬೆಳಿಗ್ಗೆ ಮಗ ಕಾಫಿ ಕೇಳಿದರೆ, "ನಾನು ಡ್ಯೂಟಿಲಿದ್ದೀನಿ, ನೀನೇ ಮಾಡ್ಕೋ," ಎನ್ನುವ ಮಟ್ಟಕ್ಕೆ ಬಂದರು.

ಇಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಬುಗುರಿ ಬಿಡುವವಳಲ್ಲ.

ಒಂದು ಮಧ್ಯಾಹ್ನ ಅತ್ತೆ ಮಲಗಿದ್ದಾಗ ಆ ಕಂಪ್ಯೂಟರಿನ ಮುಂದೆ ಕೂತಳು. ದಿನಾ ಹೆಚ್ಚು ಬರುವುದು ಸಾವಿನ ಪ್ರಕಟಣೆ. ಹೆಚ್ಚು ಬಳಸುವ ಗುಂಡಿ ಮೊದಲಿಗಿದ್ದರೆ ಅತ್ತೆಯ ಕೈಗೆ ಶ್ರಮ ಕಡಿಮೆ ಎಂದು ಅವಳಿಗೆ ಹೊಳೆಯಿತು. ಒಳ್ಳೆಯ ಯೋಚನೆಯೇ. ಕೊನೆಯದನ್ನು ಮೊದಲಿಗೆ ಎಳೆದಳು, ಸಾಲು ಸರಿ ಕಾಣಲೆಂದು ಬಲೂನನ್ನು ಕೊನೆಗೆ ತಂದಳು. ಚಿತ್ರಗಳನ್ನೂ ಸ್ವಲ್ಪ ತಿದ್ದಿದಳು. ಅತ್ತೆ ಎದ್ದ ಮೇಲೆ ಹೇಳಬೇಕು ಅಂದುಕೊಂಡಳು. ಅಷ್ಟರಲ್ಲಿ ಕೆಳಗೆ ತರಕಾರಿಯವನ ಕೂಗು ಕೇಳಿತು, ತರಕಾರಿಗೆ ಹೋದವಳು ಪಕ್ಕದ ಮನೆಯವರ ಬಾಗಿಲಿನ ಹಿಡಿ ಸಡಿಲವಾಗಿದ್ದನ್ನು ಕಂಡು ಅದನ್ನು ಬಿಗಿಮಾಡಲು ನಿಂತಳು, ಆಮೇಲೆ ಮರೆತಳು.

ಮರುದಿನ ಬೆಳಿಗ್ಗೆ ಆಫೀಸಿನಲ್ಲಿ ಫೋನು. ಯಜಮಾನರು ಎತ್ತಿದರು. "ಹೂಂ... ಹೂಂ... ಏನು?" ಎಂದವರ ಮುಖ ಸಪ್ಪೆಯಾಯಿತು. ಪರದೆಯ ಮೇಲೆ ಪುಟ ತೆರೆದು, "ಇಲ್ಲಿ ಬಾಮ್ಮ," ಎಂದರು.

ಬಣ್ಣಬಣ್ಣದ ಬಲೂನು. ಮೇಲೆ ದೊಡ್ಡ ಅಕ್ಷರದಲ್ಲಿ "ನೂರ್ಕಾಲ ಬಾಳಿ!" ಅದರ ಕೆಳಗೆ ಪೊದೆ ಮೀಸೆಯ ಒಬ್ಬರ ಫೋಟೋ. ಅದರ ಕೆಳಗೆ, "ಅಲ್ಪಕಾಲದ ಅನಾರೋಗ್ಯದಿಂದ ನಮ್ಮನ್ನಗಲಿದರೆಂದು ತಿಳಿಸಲು ವಿಷಾದಿಸುತ್ತೇವೆ."

ಅವತ್ತು ಪುಟದಲ್ಲಿ ಇದ್ದದ್ದು ಅದೊಂದೇ ಪ್ರಕಟಣೆ. ಡ್ರೈವಿಂಗ್ ಕಲಿಸುವ ಮೇಷ್ಟ್ರು ಅವರು. ಅರ್ಧ ಊರಿಗೆ ಸ್ಟೀರಿಂಗ್ ಹಿಡಿಯಲು ಕಲಿಸಿದವರು. ಹಾಗಾಗಿ ಅರ್ಧ ಊರು ಆ ಪುಟ ನೋಡಿತ್ತು.

ನೋಡಿದ ಕ್ಷಣವೇ ಬುಗುರಿಗೆ ತಿಳಿಯಿತು. ಚೌಕಟ್ಟು ಸರಿಮಾಡಿ ಕಳಿಸಲು ಐದು ನಿಮಿಷ ಹಿಡಿಯಿತು. ಮಾಡಿ ಮುಗಿಸಿ ತಿರುಗಿದರೆ ಯಜಮಾನರು ಫೋನು ಇಡುತ್ತ ಹೇಳಿದರು: "ವಯಸ್ಸಾದವರ ಕೈಗೆ ಕೊಟ್ಟಿದ್ದೇ ತಪ್ಪು. ನಂದೇ ತಪ್ಪು. ಅವರಿಗೆ ಫೋನ್ ಮಾಡಿ ಹೇಳಿದೆ ಈಗ. ಪತ್ರಿಕೆಯವರು ಮನೆಗೇ ಹೋಗಿ ಕ್ಷಮೆ ಕೇಳಿ ಬನ್ನಿ ಅಂತಿದ್ದಾರೆ."

"ಅತ್ತೆಗೆ ಫೋನ್ ಮಾಡಿದ್ರಾ?"

"ಮಾಡಿದೆ. ಪಾಪ, ಒಂದು ಮಾತೂ ಆಡಲಿಲ್ಲ."

ಅವಳ ನಾಲಿಗೆ ತುದಿಗೆ ಬಂತು: ಸಾರ್, ಅವರಲ್ಲ, ನಾನು. ಬಂದದ್ದು ಅಲ್ಲೇ ನಿಂತಿತು. ದಿನವಿಡೀ ಪಟಪಟ ಮಾತಾಡುವವಳಿಗೆ ಅದೊಂದು ವಾಕ್ಯ ಹೊರಡಲಿಲ್ಲ. ಚೀಲ ಎತ್ತಿಕೊಂಡು, ಮೆಟ್ಟಿಲು ಎರಡೆರಡಾಗಿ ಇಳಿದು, ಮನೆಗೆ ಓಡಿದಳು.

ಅತ್ತೆ ಬಟ್ಟೆ ಬದಲಾಯಿಸಿ, ಚಪ್ಪಲಿ ಮೆಟ್ಟಿ, ಮಂಚದ ಅಂಚಿನಲ್ಲಿ ಕೂತಿದ್ದರು. ಕನ್ನಡಕ ಹಾಕಿಕೊಂಡಿದ್ದರು.

"ಇವತ್ತು ಯಾವ ವಾರ?" ಎಂದು ಕೇಳಿದರು ಅತ್ತೆ.

"ಗುರುವಾರ ಅತ್ತೆ."

"ನಾನೂ ಅದೇ ಅಂದ್ಕೊಂಡೆ. ಮಗನ್ನೂ ಕೇಳಿದೆ." ಅತ್ತೆ ಕನ್ನಡಕ ಸರಿಮಾಡಿಕೊಂಡರು. "ಸರಿಯಾಗೇ ಒತ್ತಿದ ಹಾಗೆ ನೆನಪು ಕಣೇ. ಆದ್ರೆ ನೆನಪೇ ಸರಿ ಇಲ್ದೇ ಇದ್ರೆ? ನಮ್ಮಕ್ಕನಿಗೂ ಹೀಗೇ ಶುರುವಾಗಿದ್ದು. ಮೊದಲು ಕೈ ತಪ್ಪೋದು. ಆಮೇಲೆ ಹೆಸರು. ಆಮೇಲೆ ನನ್ನನ್ನೇ ನೋಡಿ ಯಾರಮ್ಮ ನೀನು ಅಂದಳು."

ಬುಗುರಿ ಬಾಗಿಲಲ್ಲೇ ನಿಂತಿದ್ದಳು. ಒಂದು ಹೆಜ್ಜೆ ಒಳಗೆ, ಒಂದು ಹೆಜ್ಜೆ ಹೊರಗೆ. "ಅತ್ತೆ..." ಎಂದಳು.

"ನಡಿ ನಡಿ. ಬಸ್ಸು ತಪ್ಪುತ್ತೆ," ಎಂದು ಅತ್ತೆ ಎದ್ದರು.

ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ. ತುಟಿ ಅಲುಗಾಡುತ್ತಿತ್ತು. ಏನೆಂದು ಕಿವಿಗೊಟ್ಟರೆ, ಎಕ್ಸ್‌ಚೇಂಜಿನ ಹಳೇ ನಂಬರುಗಳು: ಆಸ್ಪತ್ರೆ, ಅಗ್ನಿಶಾಮಕ, ರೈಲ್ವೆ ವಿಚಾರಣೆ. ಒಂದೊಂದಾಗಿ ಹೇಳಿಕೊಂಡು ತನ್ನ ತಲೆಯನ್ನು ತಾನೇ ಪರೀಕ್ಷೆ ಮಾಡುತ್ತಿದ್ದರು. ಬುಗುರಿ ಚೀಲದ ಜಿಪ್ಪು ಎಳೆದಳು, ಮುಚ್ಚಿದಳು, ಎಳೆದಳು. ಪಕ್ಕದವರು ಗದರುವವರೆಗೂ ಅವಳಿಗೆ ಗೊತ್ತಿರಲಿಲ್ಲ.

ಮೇಷ್ಟ್ರ ಮನೆಯ ಮುಂದೆ ಅವರ ಕಾರು ನಿಂತಿತ್ತು, ಮೇಲೆ "ಕಲಿಯುವವರು" ಎಂಬ ಬೋರ್ಡಿನ ಸಮೇತ. ಅಂಗಳದಲ್ಲಿ ಬಾಡಿಗೆ ಕುರ್ಚಿ, ಬಾಗಿಲ ಬಳಿ ಚಪ್ಪಲಿ ರಾಶಿ. ಯಾರೋ ಒಳಗೆ ಹೋಗಿ ಹೇಳಿದರು. ಮೇಷ್ಟ್ರ ಮಗಳು ಗೇಟಿನವರೆಗೆ ಬಂದಳು. ಒಳಗೆ ಕರೆಯಲಿಲ್ಲ. ಕಣ್ಣು ಊದಿಕೊಂಡಿತ್ತು.

ಅತ್ತೆ ಕೈ ಮುಗಿದರು. "ತಪ್ಪಾಯ್ತಮ್ಮ. ನಾನೇ ಹಾಕಿದ್ದು. ಕೈ ತಪ್ಪಿತು. ವಯಸ್ಸಾಯ್ತು."

ಮಗಳು ಅವರ ಕಡೆ ನೋಡಿ, ಆಮೇಲೆ ಬುಗುರಿಯ ಕಡೆ ತಿರುಗಿದಳು. "ಇಷ್ಟು ವಯಸ್ಸಾದವರಿಗೆ ಇಂಥಾ ಕೆಲಸ ಯಾಕ್ರೀ ಕೊಡ್ತೀರಿ? ಮನೇಲಿ ನೆಮ್ಮದಿಯಾಗಿ ಇರೋಕೆ ಬಿಡಬಾರದಾ?"

ಅತ್ತೆಯ ಕುತ್ತಿಗೆ ಇನ್ನಷ್ಟು ಬಗ್ಗಿತು. ಟೆಲಿಫೋನಿನ ಹೆಡ್‌ಸೆಟ್ಟು ಹೊತ್ತು ನೆಟ್ಟಗೆ ಕೂರುತ್ತಿದ್ದ ಕುತ್ತಿಗೆ. ಅದನ್ನು ನೋಡಿದ್ದೇ ಬುಗುರಿಯ ಬಾಯಿಯ ಬೀಗ ಕಳಚಿತು.

"ಅವರ ತಪ್ಪಲ್ಲ," ಎಂದಳು. "ನನ್ನ ತಪ್ಪು. ಅವರು ದಿನಾ ಒತ್ತೋ ಕಡೆಗೇ ಒತ್ತಿದ್ದಾರೆ. ಗುಂಡಿಯ ಜಾಗ ಬದಲಾಯಿಸಿದ್ದು ನಾನು. ನಿನ್ನೆ ಮಧ್ಯಾಹ್ನ. ಅವರಿಗೆ ಹೇಳಲಿಲ್ಲ."

"ಯಾವ ಗುಂಡಿ?" ಎಂದಳು ಮಗಳು.

ಬುಗುರಿ ಹೇಳತೊಡಗಿದಳು. ಪರದೆ, ಅದರ ಮೇಲೊಂದು ಸಾಲು, ಸಾಲಿನಲ್ಲಿ ನಾಲ್ಕು ಚಿತ್ರ, ಕೊನೆಯದು ಕಪ್ಪು ಅಂಚಿನದು, ಅದು ಅಲ್ಲಿತ್ತು, ಈಗ ಇಲ್ಲಿ. ಗೇಟಿನ ಸರಳುಗಳ ಮೇಲೆ ಬೆರಳಿಟ್ಟು ತೋರಿಸಿದಳು: ಇದು ಮಗು, ಇದು ಮದುವೆ. ಸಾವಿನ ಮನೆಯ ಮುಂದೆ ನಿಂತು ಟೂಲ್‌ಬಾರಿನ ಪಾಠ ಹೇಳುತ್ತಿದ್ದೇನೆ ಎಂದು ಅವಳಿಗೇ ಅರಿವಾಗಿ, ನಡುವೆಯೇ ನಿಂತಳು.

ಮಗಳು ಸರಳುಗಳನ್ನು ನೋಡುತ್ತಿದ್ದಳು. "ಅಂದ್ರೆ ಬ್ರೇಕಿನ ಜಾಗದಲ್ಲಿ ಆಕ್ಸಿಲರೇಟರ್ ಇಟ್ಟಿರಿ."

"ಹೌದು."

"ಮೊದಲಿದ್ದದ್ದಕ್ಕೆ ಏನಾಗಿತ್ತು?"

"ಏನೂ ಆಗಿರಲಿಲ್ಲ."

"ಮತ್ತೆ ಯಾಕೆ ಮುಟ್ಟಿದ್ರಿ?"

"ಸುಮ್ನೆ ಇರಕ್ಕೆ ಆಗಲಿಲ್ಲ," ಎಂದಳು, ಸಣ್ಣ ದನಿಯಲ್ಲಿ.

ಒಳಗಿನಿಂದ ಯಾರೋ ಮಗಳನ್ನು ಕರೆದರು. "ಈಗ ಸರಿ ಮಾಡಿದ್ದೀರಲ್ಲ, ಹೋಗಿ," ಎಂದು ಅವಳು ಒಳಗೆ ಹೋದಳು. ಗೇಟಿನ ಚಿಲಕ ಹಾಕುವ ಸದ್ದು ಕೇಳಿತು. ಅವಳನ್ನು ಬುಗುರಿ ಆಮೇಲೆ ಎಂದೂ ನೋಡಲಿಲ್ಲ.

ಬಸ್ ಸ್ಟಾಪಿನಲ್ಲಿ ಅತ್ತೆ ಮೊದಲು ಕನ್ನಡಕ ತೆಗೆದು ಚೀಲಕ್ಕೆ ಹಾಕಿದರು. ಆಮೇಲೆ ಕೇಳಿದರು: "ಯಾವಾಗ ಗೊತ್ತಾಯ್ತು ನಿಂಗೆ?"

"ಬೆಳಿಗ್ಗೆ. ಪುಟ ನೋಡಿದ ತಕ್ಷಣ."

"ಅಂದ್ರೆ ನಾನು ಮಂಚದ ಮೇಲೆ ಕೂತು ವಾರ ಕೇಳ್ತಿದ್ದಾಗ ಗೊತ್ತಿತ್ತು."

"ಹೂಂ."

"ಬಸ್ಸಲ್ಲಿ ನಾನು ನಂಬರ್ ಹೇಳ್ಕೊಳ್ತಿದ್ದಾಗ್ಲೂ."

ಬುಗುರಿ ತಲೆ ತಗ್ಗಿಸಿದಳು.

"ಎಲ್ಲರೂ ತಮ್ಮ ಗುಂಡಿ ತಾವೇ ತೋಡ್ಕೋತಾರೆ," ಎಂದರು ಅತ್ತೆ. "ನೀನು ತೋಡಿದ ಗುಂಡಿಗೆ ನಾನು ಬಿದ್ದೆ." ನಗಿಸಲು ಹೇಳಿದ ಮಾತಲ್ಲ ಅದು.

ಅತ್ತೆ ಕೆಲಸ ನಿಲ್ಲಿಸಿದರು. ಕಂಪ್ಯೂಟರಿನ ಮೇಲೆ ಒಂದು ಹಳೇ ಟವೆಲು ಹೊದಿಸಿ, ಅದರ ಕಡೆ ಬೆನ್ನು ಹಾಕಿ ಕೂತರು. ಸೊಸೆಯೊಡನೆ ಮಾತು ಮಗನ ಮೂಲಕ. "ನಿನ್ನ ಹೆಂಡತಿಗೆ ಹೇಳು, ಹಾಲು ಉಕ್ಕುತ್ತಿದೆ ಅಂತ." ಬುಗುರಿ ಗಂಡನ ಮೊರೆ ಹೋದಳು: "ರೀ, ನೀವಾದ್ರೂ ಒಂದು ಮಾತು ಹೇಳಿ."

ಅವನು ದವಡೆಯಿಂದ ತಲೆ ಎತ್ತದೆ, "ನಾನು ಹಲ್ಲಿನವನು. ಎರಡು ನಾಲಿಗೆ ಮಧ್ಯೆ ಬಂದ್ರೆ ನನಗೇ ಕಷ್ಟ," ಎಂದ.

ಆಫೀಸಿನಲ್ಲಿ ಬುಗುರಿ ನಿಜ ಹೇಳಿದಳು. ಯಜಮಾನರು ಅವಳನ್ನು ಬೈಯಲಿಲ್ಲ, ಅದಕ್ಕಿಂತ ಕೆಟ್ಟದ್ದು ಮಾಡಿದರು. ಎಲ್ಲ ಕಂಪ್ಯೂಟರುಗಳ ಟೂಲ್‌ಬಾರನ್ನೂ ಮೊದಲು ಹೇಗಿತ್ತೋ ಹಾಗೇ ಮಾಡಬೇಕು ಎಂದರು. "ಕಂಪನಿಯವರು ಕೊಟ್ಟಿದ್ದು ಹೇಗಿತ್ತೋ ಹಾಗೆ. ನಿನ್ನ ಸೂರ್ಯ ಚಂದ್ರ ಮೀನು ಏನೂ ಬೇಡ."

ತನ್ನದನ್ನು ಅವಳೇ ಅಳಿಸಿದಳು. ಸಾಲಿಗೆ ಸಾಲು ಹೋಯಿತು. ಆಮೇಲೆ ಮೌನಿಯ ಮೇಜಿನ ಬಳಿ ಹೋದಾಗ ಅವನು ಮೌಸಿನ ಮೇಲೆ ಕೈ ಇಟ್ಟು, ಯಜಮಾನರ ಕಡೆ ತಿರುಗಿ, "ನಂದು ಮುಟ್ಟಬೇಡಿ," ಎಂದ. ಆಫೀಸಿನಲ್ಲಿ ಗಾಳಿಯೇ ನಿಂತ ಹಾಗಾಯಿತು. "ಕೈ ನೋವು ಇಳಿದಿದೆ ನಂಗೆ. ಇದು ಹೋದ್ರೆ ನಾನೂ ಹೋಗ್ತೀನಿ."

ಯಜಮಾನರು ತಬ್ಬಿಬ್ಬಾದರು. "ಆಯ್ತಪ್ಪ, ಇಟ್ಕೋ," ಎಂದರು.

ಬುಗುರಿಗೆ ಮಾತ್ರ ಆ ದಿನಗಳು ನರಕ. ಬೆಳಿಗ್ಗೆ ಎದ್ದು ಟವೆಲು ಸರಿಸಿ "ಸುಖ ದುಃಖ"ದ ಪುಟ ತಾನೇ ಮಾಡಬೇಕು, ಆಮೇಲೆ ಆಫೀಸಿನಲ್ಲಿ ಬೋಳು ಪರದೆ. ಕೈ ತಾನಾಗಿ ಮೇಲಿನ ಮೂಲೆಗೆ ಹೋಗುತ್ತಿತ್ತು. ಅಲ್ಲಿ ಏನೂ ಇರುತ್ತಿರಲಿಲ್ಲ, ಅಥವಾ ಬೇರೇನೋ ಇರುತ್ತಿತ್ತು. ಒಮ್ಮೆ ಪಟ್ಟಿ ಸೇರಿಸಲು ಹೋಗಿ ಮಾಡಿದ್ದನ್ನೆಲ್ಲ ಮುಚ್ಚಿಬಿಟ್ಟಳು. ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ತನ್ನ ಕೈಯನ್ನೇ ನೋಡಿದಳು. ಅತ್ತೆಯ ಮಂಚ, ಕನ್ನಡಕ, "ಇವತ್ತು ಯಾವ ವಾರ" ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂತು. ಎದ್ದು ಕಾರಿಡಾರಿನಲ್ಲಿ ಆ ಕಡೆ ಈ ಕಡೆ ನಡೆದಳು. ಕೆಳಗೆ ಕನ್ನಡಕದ ಅಂಗಡಿಯವರು ಯಾರದೋ ಕಣ್ಣು ಪರೀಕ್ಷೆ ಮಾಡುತ್ತ, "ಇದು ಸರೀನಾ, ಇದು ಸರೀನಾ," ಎಂದು ಕೇಳುತ್ತಿದ್ದರು. ಎಷ್ಟು ತಾಳ್ಮೆಯಿಂದ ಕೇಳುತ್ತಾರೆ ಎನ್ನಿಸಿತು. ತಾನು ಯಾರನ್ನೂ ಹಾಗೆ ಕೇಳಿಯೇ ಇರಲಿಲ್ಲ.

ಅತ್ತೆ ಮರಳಿದ್ದು ಮನಸ್ಸು ಕರಗಿ ಅಲ್ಲ. ಒಂದು ಬೆಳಿಗ್ಗೆ ಬುಗುರಿ ಆಕಳಿಸುತ್ತ ಪುಟ ಮಾಡುತ್ತಿದ್ದಾಗ ಹಿಂದಿನಿಂದ ದನಿ ಬಂತು. "ಆ ಮದುವೆ ಹುಡುಗನ ಹೆಸರಿಗೆ ಒತ್ತು ಬಿಟ್ಟಿದೆ. ಆಜನ್ಮ ತಪ್ಪು ಹೆಸರಿನ ಗಂಡನ ಜೊತೆ ಬದುಕಬೇಕಾ ಆ ಹುಡುಗಿ? ಏಳು ಮೇಲೆ."

ಬುಗುರಿ ಎದ್ದಳು. ಅತ್ತೆ ಕೂತರು.

"ಈಗ ಕೇಳು. ಈ ಗುಂಡಿಗಳೆಲ್ಲ ತೆಗಿ. ಹೊಸದಾಗಿ ಮಾಡು. ನಾನು ಹೇಳಿದ ಹಾಗೆ. ನೀನು ನಿನ್ನ ತಲೆ ಓಡಿಸಬೇಡ, ಬರೀ ಕೈ ಓಡಿಸು."

ಆ ಭಾನುವಾರ ಇಬ್ಬರೂ ಪಕ್ಕಪಕ್ಕ ಕೂತರು. ಬುಗುರಿ ಸಾವಿಗೆ ಒಂದು ದೀಪ ಬಿಡಿಸಿದಳು. ಅತ್ತೆ ಕಣ್ಣು ಕಿರಿದು ಮಾಡಿ ನೋಡಿ, "ಇದೇನು, ಹಲ್ಲುಜ್ಜೋ ಬ್ರಷ್ಷಾ?" ಎಂದರು.

"ದೀಪ ಅತ್ತೆ."

"ಲೋ, ಬಾ ಇಲ್ಲಿ," ಎಂದು ಮಗನನ್ನು ಕರೆದರು. "ಇದೇನು ಹೇಳು?"

ಅವನು ಬಗ್ಗಿ ನೋಡಿ, "ಬ್ರಷ್ಷು," ಎಂದ.

"ನಿಮಗೆ ಎಲ್ಲಾ ಹಲ್ಲಿನದ್ದೇ ಕಾಣುತ್ತೆ!" ಎಂದು ಬುಗುರಿ ರೇಗಿದಳು. ಆದರೆ ದೂರದಿಂದ ನೋಡಿದಾಗ ಅವಳಿಗೂ ಬ್ರಷ್ಷೇ ಕಂಡಿತು. ಅಳಿಸಿದಳು. ಕೊನೆಗೆ ಅತ್ತೆ ಚಿತ್ರವೇ ಬೇಡ, ಪೂರ್ತಿ ಕಪ್ಪು ಚೌಕ ಸಾಕು ಎಂದರು. ಹುಟ್ಟುಹಬ್ಬಕ್ಕೆ ಪೂರ್ತಿ ಹಳದಿ. ಮಗುವಿಗೆ ಬಿಳಿ, ಮದುವೆಗೆ ಕೆಂಪು. ಬುಗುರಿಗೆ ಅಷ್ಟು ಬೋಳಾದ ಐಕಾನ್ ನೋಡಿ ಕೈ ತುರಿಸಿತು. ಮೂಲೆಯಲ್ಲಿ ಒಂದು ಚುಕ್ಕೆಯಾದರೂ ಇಡೋಣ ಎಂದಳು. "ಚುಕ್ಕೆ ನಿನ್ನ ಗಲ್ಲಕ್ಕೆ ಇಟ್ಕೋ," ಎಂದರು ಅತ್ತೆ. ಮೊದಲಿನ ಜಾಗಗಳೇ, ಬದುಕು ಸಾಗುವ ಹಾಗೆ ಎಡದಿಂದ ಬಲಕ್ಕೆ. ಆದರೆ ಸಾವಿಗೆ ಮೊದಲು ಒಂದು ದೊಡ್ಡ ತೆರಪು ಬಿಡಿಸಿದರು. "ಕೈ ಅಲ್ಲಿಗೆ ಹೋಗೋಕೆ ಮೊದಲು ಒಂದು ಉಸಿರು ಎಳ್ಕೊಳ್ಳಬೇಕು."

ಕಳಿಸುವ ಮೊದಲು ಪುಟ ಪೂರ್ತಿ ಹೇಗೆ ಕಾಣುತ್ತದೆ ಎಂದು ತೋರಿಸುವ ಇನ್ನೊಂದು ಗುಂಡಿಯನ್ನೂ ಕೇಳಿ ಹಾಕಿಸಿಕೊಂಡರು. ಅದಕ್ಕೆ ಮಾತ್ರ ಚಿತ್ರ ಬೇಕು ಎಂದರು: ಒಂದು ಕನ್ನಡಕ. ಅದನ್ನು ಒತ್ತುವ ಹೊತ್ತಿಗೆ ತಮ್ಮದನ್ನೂ ಹಾಕಿಕೊಳ್ಳುತ್ತಿದ್ದರು, ಒತ್ತಿ ನೋಡಿ ಮತ್ತೆ ತೆಗೆಯುತ್ತಿದ್ದರು. ಆ ಕಂಪ್ಯೂಟರಿಗೆ ಗುಪ್ತಪದ ಬಂತು. ಅದು ಸೊಸೆಗೆ ಗೊತ್ತಿಲ್ಲ.

ಆ ವಿಷಯ ಹೇಗೋ ಪತ್ರಿಕೆಯ ಆಫೀಸಿಗೆ ಮುಟ್ಟಿತು. ಅಲ್ಲಿ ಕ್ರೀಡಾ ಪುಟ ಮಾಡುವ ಹೆಂಗಸು ಫೋನ್ ಮಾಡಿ, "ನಿಮ್ಮತ್ತೆಗೆ ಮಾಡಿಕೊಟ್ಟ ಹಾಗೆ ನಂಗೂ ಮಾಡಿಕೊಡ್ತೀರಾ?" ಎಂದು ಕೇಳಿದಳು. ಬುಗುರಿ ಹೋದಳು. ಈ ಸಲ ಮೌಸು ಮುಟ್ಟುವ ಮೊದಲು ಆ ಹೆಂಗಸಿನ ಪಕ್ಕ ಕೂತು ಅವಳು ಕೆಲಸ ಮಾಡುವುದನ್ನು ನೋಡಿದಳು. ಸುಮ್ಮನೆ ನೋಡುವುದು ಎಷ್ಟು ಕಷ್ಟ ಎಂದು ಅವಳಿಗೇ ಗೊತ್ತು. ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದಳು. ಆಮೇಲೆ ಕೇಳಿದಳು, ಮಾಡಿದಳು, ಎದ್ದು ಬಂದಳು. ಅಲ್ಲಿಂದ ಒಂದು ಗ್ರಂಥಾಲಯ, ಅಲ್ಲಿಂದ ಹವಾಮಾನದ ಪುಟ ಮಾಡುವವರು, ಒಂದು ಪ್ರಾಣಿಗಳ ಆಸ್ಪತ್ರೆ. ಯಜಮಾನರಿಗೂ ಇದು ಇಷ್ಟವಾಯಿತು. ಅವಳು ಆಫೀಸಿನಲ್ಲಿ ಇರದಿದ್ದರೆ ಮೇಜು ಕುರ್ಚಿ ಇದ್ದಲ್ಲೇ ಇರುತ್ತಿದ್ದವು. ವಾರಕ್ಕೊಂದು ಬೀದಿ, ವಾರಕ್ಕೊಂದು ಮೆಟ್ಟಿಲು, ಹೊಸ ಜನ. ಒಮ್ಮೆ ಮಾಡಿಕೊಟ್ಟ ಮೇಲೆ ಅವರು ಕರೆಯದೆ ಅತ್ತ ಸುಳಿಯುತ್ತಿರಲಿಲ್ಲ. ಹಾಗೆಂದು ಅವಳ ಚಡಪಡಿಕೆ ಹೋಯಿತೆಂದಲ್ಲ. ತನ್ನ ಸ್ವಂತ ಪರದೆಯಲ್ಲಿ ಇಂದಿಗೂ ಸೋಮವಾರದ ಸಾಲು ಬುಧವಾರ ಇರುವುದಿಲ್ಲ.

ಮೊನ್ನೆ ಆ ಪ್ರಾಣಿಗಳ ಆಸ್ಪತ್ರೆಯಲ್ಲಿ ಕೆಲಸ ಮುಗಿಸಿದಳು. ಅಲ್ಲಿನ ಪುಟ ನೋಡಿಕೊಳ್ಳುವವನು ಗುಂಡಿಗಳನ್ನು ಒಂದೊಂದಾಗಿ ಒತ್ತಿ ನೋಡಿ, "ಮೇಡಂ, ಈ ನಾಯಿ ಚಿತ್ರ ತುಂಬಾ ಚೆನ್ನಾಗಿದೆ," ಎಂದ.

ಅದು ಹಸು. ಎಲ್ಲ ಪ್ರಾಣಿಗಳ ಸುದ್ದಿಗೂ ಆ ಒಂದೇ ಗುಂಡಿ. ಕೊಂಬು ಎರಡು ಚೌಕ ಉದ್ದ ಮಾಡಿದರೆ ಸರಿಹೋಗುತ್ತದೆ, ಅರೆ ನಿಮಿಷದ ಕೆಲಸ. ಅವಳ ಕೈ ಮೌಸಿನವರೆಗೆ ಹೋಯಿತು.

"ನಿಮಗೆ ಇದು ನಾಯಿ ಅಂತಲೇ ಕಾಣುತ್ತಾ?"

"ನಾಯಿನೇ ಅಲ್ವಾ? ನಮ್ಮಲ್ಲಿ ಬರೋದೂ ಹೆಚ್ಚು ನಾಯಿಗಳೇ. ಇದೇ ಇರ್ಲಿ."

"ಹಾಗಾದ್ರೆ ನಾಯಿನೇ," ಎಂದು ಅವಳು ಎದ್ದಳು. ಒಂದು ಲೋಟ ಚಹಾ ಕುಡಿದು ಹೋಗಿ ಎಂದು ಅವನು ಒಳಗೆ ಹೋಗಿ ಬರುವಷ್ಟರಲ್ಲಿ ಅವಳು ಬೀದಿಯಲ್ಲಿದ್ದಳು, ಬಂದದ್ದಲ್ಲದ ಇನ್ನೊಂದು ದಾರಿಯಲ್ಲಿ, ಆ ಕೊಂಬನ್ನೇ ಯೋಚಿಸುತ್ತ ಬಿರುಸಾಗಿ ನಡೆಯುತ್ತಿದ್ದಳು.